ಮೊಡವೆ, ಕಲೆ, ಬಂಗಿಗೆ ಯಾವ ಲೇಪ? ಚರ್ಮದ ತಡೆಗೋಡೆ ಉಳಿಸಿಕೊಂಡು ಆರಿಸುವ ಬಗೆ

ಮೊಡವೆಗೂ ಕಲೆಗೂ ಬಂಗಿಗೂ (ಮುಖದ ಮೇಲೆ ಹರಡುವ ಕಂದು ಮಚ್ಚೆಗೂ) ಹಚ್ಚುವ ಲೇಪಗಳನ್ನು ಆರಿಸುವಾಗ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಯಾವುದು ಬೇಗ ಕೆಲಸ ಮಾಡುತ್ತದೆ? ಕೋಲಾರ, ಮುಳಬಾಗಿಲು, ಬಂಗಾರಪೇಟೆಗಳಲ್ಲಿ ಅಡಾಪಲೀನ್, ಗ್ಲೈಕಾಲಿಕ್ ಆಮ್ಲ, ರೆಟಿನಾಲ್ ಎಂಬ ಹೆಸರುಗಳು ಈಗ ಕಾಲೇಜು ಮಕ್ಕಳ ಬಾಯಲ್ಲಿ ಸಲೀಸಾಗಿ ಬರುತ್ತವೆ. ಮೊಬೈಲಿನಲ್ಲಿ ಶೇಕಡಾವಾರು ಪ್ರಮಾಣ ನೋಡಿ, ದೊಡ್ಡ ಅಂಕಿ ಇರುವುದನ್ನೇ ತರಿಸಿಕೊಳ್ಳುವುದು ರೂಢಿಯಾಗಿದೆ. ಈ ಬರಹ ಅದೇ ಆಯ್ಕೆಯನ್ನು ಬೇರೊಂದು ಪ್ರಶ್ನೆಯಿಂದ ನೋಡುತ್ತದೆ: ಬೇಕಾದ ಕೆಲಸವನ್ನು ಚರ್ಮದ ತಡೆಗೋಡೆಗೆ ಅತ್ಯಂತ ಕಡಿಮೆ ಪೆಟ್ಟಿನಲ್ಲಿ ಮಾಡಿಕೊಡುವುದು ಯಾವುದು? ನಮ್ಮ ಗೋಧಿ ಮತ್ತು ಕಂದು ಮೈಬಣ್ಣಕ್ಕೆ ಈ ಪ್ರಶ್ನೆ ಬಹಳ ಮುಖ್ಯ. ಬಿಳಿ ಚರ್ಮದವರಲ್ಲಿ ಲೇಪ ಅತಿಯಾದರೆ ಮುಖ ಕೆಂಪಾಗಿ, ಕೆಲವು ದಿನಗಳಲ್ಲಿ ಆ ಕೆಂಪು ಇಳಿಯುತ್ತದೆ. ನಮ್ಮಲ್ಲಿ ಉರಿಯೂತ ಇಳಿದ ಮೇಲೂ ಅದೇ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಾಗಿ, ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಕಲೆ ತೆಗೆಯಲೆಂದು ಹಚ್ಚಿದ ಲೇಪವೇ ಹೊಸ ಕಲೆಗೆ ಕಾರಣವಾಗುವುದು ಹೀಗೆ.

ಆ ತಡೆಗೋಡೆ ಎಂದರೆ ಚರ್ಮದ ಎಲ್ಲಕ್ಕಿಂತ ಹೊರಗಿನ ಪದರ. ಮುಖದಲ್ಲಿ ಅದರ ದಪ್ಪ ಹೆಚ್ಚೆಂದರೆ ಮಿಲಿಮೀಟರಿನ ಐವತ್ತರಲ್ಲೊಂದು ಭಾಗದಷ್ಟು. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳಂತೆ ಸಾಲಾಗಿ ಕೂತಿದ್ದರೆ, ಅವುಗಳ ನಡುವಿನ ಕೊಬ್ಬಿನಂಶ ಗಾರೆಯಂತೆ ಅವನ್ನು ಹಿಡಿದಿಟ್ಟಿರುತ್ತದೆ. ಆ ಕೊಬ್ಬಿನಲ್ಲಿ ಸುಮಾರು ಅರ್ಧ ಸೆರಮೈಡ್, ಕಾಲು ಭಾಗ ಕೊಲೆಸ್ಟೆರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲಗಳು. ಆರೋಗ್ಯವಂತ ಮುಖದ ಮೇಲ್ಮೈ ಕೊಂಚ ಹುಳಿಯಾಗಿದ್ದು, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 4.5ರಿಂದ 5.5ರ ಆಸುಪಾಸಿನಲ್ಲಿರುತ್ತದೆ, ಸೆರಮೈಡ್ ತಯಾರಿಸುವ ಕಿಣ್ವಗಳು ಈ ಹುಳಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ಈ ಪದರ ಹಾಳಾದರೆ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ, ಹೊರಗಿನ ಸೋಪು, ಧೂಳು, ಲೇಪ ಇವೆಲ್ಲ ಒಳಗಿಳಿದು ಕೆರಳಿಸುತ್ತವೆ. ನಿನ್ನೆಯವರೆಗೂ ಒಗ್ಗಿದ್ದ ಸಾದಾ ಮಾಯಿಶ್ಚರೈಸರ್ ಇಂದು ಹಚ್ಚಿದ ಕೂಡಲೇ ಚುರುಚುರು ಎನ್ನುವುದು ಇದರ ಮೊದಲ ಗುರುತು. ಬೆವರು ಇಳಿದಲ್ಲೆಲ್ಲ ಉರಿ, ತೊಳೆದ ಮೇಲೆ ಬಿಗಿತ, ಮೂಗಿನ ಅಕ್ಕಪಕ್ಕ ಹೊಟ್ಟು, ಎಣ್ಣೆಯ ಹೊಳಪಿನ ನಡುವೆಯೂ ಒರಟುತನ ಆಮೇಲೆ ಕಾಣಿಸಿಕೊಳ್ಳುತ್ತವೆ.

ಲೇಪಕ್ಕಿಂತ ಮೊದಲು ನೀರು ಮತ್ತು ಸೋಪು

ನಿತ್ಯ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬಹುಪಾಲು ಮನೆಗಳ ಬಚ್ಚಲಿಗೆ ಬರುವುದು ಬೋರ್‌ವೆಲ್ ನೀರು. ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರು ಎಷ್ಟು ಗಡಸು ಎಂದು ತಿಳಿಯಲು ಪರೀಕ್ಷೆ ಬೇಕಿಲ್ಲ: ಬಕೆಟಿನ ಅಂಚಿನಲ್ಲಿ ಕೂತ ಬಿಳಿ ಪಟ್ಟಿ, ನಲ್ಲಿಯ ಬಾಯಲ್ಲಿ ಕಲ್ಲಾಗಿ ಕಟ್ಟಿದ ಉಪ್ಪು, ಎಷ್ಟು ಉಜ್ಜಿದರೂ ನೊರೆ ಬಾರದ ಸೋಪು ಇವೇ ಹೇಳುತ್ತವೆ. ಅಂಥ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗಿ ಚರ್ಮಕ್ಕೆ ಅಂಟುತ್ತವೆ. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ದಿನಕ್ಕೆ ಎರಡು ಮೂರು ಬಾರಿ ಹೀಗೆ ತೊಳೆದ ಮುಖಕ್ಕೆ ರಾತ್ರಿ ಆಮ್ಲದ ಸೀರಮ್ ಹಚ್ಚಿದರೆ, ಆಗುವ ಉರಿಗೆಲ್ಲ ಸೀರಮ್ಮನ್ನೇ ದೂರುವುದು ನ್ಯಾಯವಲ್ಲ.

ಆದ್ದರಿಂದ ಮೊದಲ ಹೋಲಿಕೆ ಸೋಪಿಗೂ ಸೋಪಿಲ್ಲದ ಕ್ಲೆನ್ಸರಿಗೂ. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಗಡಸು ನೀರಿನ ಊರಿನಲ್ಲಿ, ಪಿಎಚ್ 5.5ರ ಸುತ್ತ ಇರುವ, ಹೆಚ್ಚು ನೊರೆ ಬಾರದ, ಸುವಾಸನೆಯಿಲ್ಲದ ಕ್ಲೆನ್ಸರ್ ಮುಖಕ್ಕೆ ಸೋಪಿಗಿಂತ ಎಲ್ಲ ರೀತಿಯಲ್ಲೂ ಮೇಲು. ಅದು ಕ್ಯಾಲ್ಸಿಯಂ ಜೊತೆ ಸೇರಿ ಜಿಡ್ಡಾಗುವುದಿಲ್ಲ. ದಿನಕ್ಕೆರಡು ಸಲ ಸಾಕು, ಬಿಸಿನೀರಿಗಿಂತ ಉಗುರುಬೆಚ್ಚಗಿನ ನೀರು ಒಳ್ಳೆಯದು. ಮುಖ ತುಂಬ ಸೂಕ್ಷ್ಮವಾಗಿರುವವರು ಕೊನೆಗೊಮ್ಮೆ ಒಂದು ಚೊಂಬು ಫಿಲ್ಟರ್ ನೀರು ಹಾಕಿಕೊಂಡು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಳ್ಳಬಹುದು. ಖರ್ಚು ಮಾಡಲು ಹಣ ಸ್ವಲ್ಪವೇ ಇದ್ದರೆ ಅದನ್ನು ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮೂರಕ್ಕೆ ಮೊದಲು ಹಾಕಬೇಕು. ಸೀರಮ್ಮಿನ ಸರದಿ ಆಮೇಲೆ.

ಮೊಡವೆಗೆ: ಸ್ಯಾಲಿಸಿಲಿಕ್ ಆಮ್ಲ, ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್

ಮೂರೂ ಮೊಡವೆಗೇ ಆದರೂ ಮೂರರ ಕೆಲಸ ಬೇರೆ ಬೇರೆ. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿದು, ಅಲ್ಲಿ ಕಟ್ಟಿಕೊಂಡ ಕಸವನ್ನು ಸಡಿಲಿಸುತ್ತದೆ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 0.5ರಿಂದ 2. ಮೂಗಿನ ಮೇಲಿನ ಕಪ್ಪು ಚುಕ್ಕೆಗಳು, ಹಣೆಯ ಸಣ್ಣ ಗುಳ್ಳೆಗಳು ಇಷ್ಟೇ ತೊಂದರೆಯಾಗಿದ್ದರೆ ಇದರಿಂದ ಶುರು ಮಾಡುವುದು ಸರಿ, ಅದರಲ್ಲೂ ಒಂದು ನಿಮಿಷ ಬಿಟ್ಟು ತೊಳೆಯುವ ಫೇಸ್‌ವಾಶ್ ರೂಪದಲ್ಲಿ. ಒಣ ಚರ್ಮದವರಿಗೆ ಇದು ಹೇಳಿಸಿದ್ದಲ್ಲ.

ಕೀವು ತುಂಬಿದ, ಕೆಂಪಾದ ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಒಳ್ಳೆಯ ಔಷಧ. ಅದು ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮತ್ತು ಆ್ಯಂಟಿಬಯೋಟಿಕ್ ಮುಲಾಮುಗಳಿಗೆ ಬಗ್ಗದೆ ಹೋಗುವಂತೆ ಇದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ. ಶೇ. 2.5, 5, 10 ಎಂಬ ಮೂರು ಬಲಗಳಲ್ಲಿ ಸಿಗುತ್ತದೆ. ಅಂಕಿ ನೋಡಿ ಕೊಳ್ಳುವವರು ತಿಳಿದುಕೊಳ್ಳಲೇಬೇಕಾದ ಸಂಗತಿ ಇಲ್ಲಿದೆ: ಕೀವಿನ ಮೊಡವೆ ಕಡಿಮೆ ಮಾಡುವುದರಲ್ಲಿ ಶೇ. 2.5ರದ್ದು ಶೇ. 10ರದ್ದಕ್ಕೆ ಸಮನಾಗಿ ನಿಲ್ಲುತ್ತದೆ ಎಂದು 1980ರ ದಶಕದಲ್ಲೇ ಹೋಲಿಸಿ ತೋರಿಸಲಾಗಿದೆ. ಕೆಂಪು, ಉರಿ, ಸಿಪ್ಪೆ ಏಳುವುದು ಮಾತ್ರ ಶೇ. 10ರದ್ದರಲ್ಲಿ ಹೆಚ್ಚು. ಹಾಗಿರುವಾಗ ಶೇ. 2.5 ಸಿಗುವಲ್ಲಿ ಮೇಲಿನದ್ದನ್ನು ಕೊಳ್ಳಲು ಕಾರಣವೇ ಇಲ್ಲ. ಬಣ್ಣದ ದಿಂಬಿನ ಹೊದಿಕೆ, ಟವೆಲು, ದಾವಣಿಗೆ ಇದು ತಾಗಿದರೆ ಬಣ್ಣ ಹೋಗಿ ಮಚ್ಚೆಯಾಗುತ್ತದೆ, ಬಿಳಿಯ ಬಟ್ಟೆ ಬಳಸಿ. ಟ್ಯೂಬನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಇಡಬೇಡಿ, ಬಿಸಿಗೆ ಅದು ಕೆಡುತ್ತದೆ.

ಅಡಾಪಲೀನ್ ವಿಟಮಿನ್ ಎ ಮಾದರಿಯ ಔಷಧಗಳಾದ ರೆಟಿನಾಯ್ಡ್ ಗುಂಪಿಗೆ ಸೇರಿದ್ದು. ಅಮೆರಿಕದಲ್ಲಿ 1996ರಲ್ಲಿ ಔಷಧವಾಗಿ ಒಪ್ಪಿಗೆ ಪಡೆದ ಇದರ ಶೇ. 0.1ರ ಜೆಲ್, 2016ರಿಂದ ಅಲ್ಲಿ ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತಿದೆ. ಮೊಡವೆ ಹುಟ್ಟುವ ಮೊದಲೇ ರಂಧ್ರ ಕಟ್ಟಿಕೊಳ್ಳದಂತೆ ತಡೆಯುವುದು ಇದರ ಕೆಲಸ. ಹಾಗಾಗಿ ಎದ್ದ ಮೊಡವೆಯ ಮೇಲೆ ಚುಕ್ಕೆಯಿಟ್ಟರೆ ಪ್ರಯೋಜನ ಕಡಿಮೆ, ಮೊಡವೆ ಏಳುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಪೂರ್ತಿ ಫಲ ಕಾಣಲು ಸುಮಾರು 12 ವಾರ ಬೇಕು. ಕಿರಿಕಿರಿಯೆಲ್ಲ ಹೆಚ್ಚಾಗಿ ಬರುವುದು ಮೊದಲ ಎರಡರಿಂದ ನಾಲ್ಕು ವಾರಗಳಲ್ಲಿ, ಹಲವರು ಕೈಬಿಡುವುದೂ ಅಲ್ಲೇ. ಇದರ ಅಣ್ಣನಂತಿರುವ ಟ್ರೆಟಿನಾಯಿನ್ ಹೆಚ್ಚು ಕೆರಳಿಸುತ್ತದೆ, ಬೆಳಕಿಗೆ ಕೆಡುತ್ತದೆ, ಬೆಂಜಾಯ್ಲ್ ಪೆರಾಕ್ಸೈಡ್ ಜೊತೆ ಸೇರಿದರೆ ನಿಷ್ಫಲವಾಗುವ ಸಂಭವವಿದೆ. ಅಡಾಪಲೀನ್ ಬೆಳಕು, ಬೆಂಜಾಯ್ಲ್ ಪೆರಾಕ್ಸೈಡ್ ಎರಡನ್ನೂ ತಾಳಿಕೊಳ್ಳುತ್ತದೆ. ಮೊಡವೆಗಾಗಿ ಈ ಎರಡರಲ್ಲಿ ಒಂದನ್ನು ಆರಿಸಬೇಕಾದವರಿಗೆ ನಾನು ಅಡಾಪಲೀನ್ ಎಂದೇ ಹೇಳುತ್ತೇನೆ.

ಹಚ್ಚುವ ಕ್ರಮದಲ್ಲೇ ಅರ್ಧ ಗೆಲುವಿದೆ. ಮುಖ ತೊಳೆದು ಪೂರ್ತಿ ಒಣಗಲು ಬಿಡಿ, ಹಸಿ ಚರ್ಮದಲ್ಲಿ ಔಷಧ ಹೆಚ್ಚು ಇಳಿದು ಉರಿಯುತ್ತದೆ. ಕಣ್ಣಿನ ಮೂಲೆ, ಮೂಗಿನ ಬದಿಯ ಮಡಿಕೆ, ತುಟಿಯ ಕೊನೆಗಳಿಗೆ ಮೊದಲೇ ವ್ಯಾಸಲೀನ್ ಸವರಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಜೆಲ್ ಸಾಕು: ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಒಂದೊಂದು ಚುಕ್ಕೆ ಇಟ್ಟು ಹರಡಬೇಕು. ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಆಮೇಲೆ ದಿನ ಬಿಟ್ಟು ದಿನ, ಚರ್ಮ ಒಪ್ಪಿದರೆ ಮಾತ್ರ ದಿನಾಲೂ. ಸೂಕ್ಷ್ಮ ಚರ್ಮದವರು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಜೆಲ್ ಹಚ್ಚಬಹುದು, ಅಥವಾ ಅರ್ಧ ಗಂಟೆ ಬಿಟ್ಟು ತೊಳೆದುಬಿಡಬಹುದು. ಗರ್ಭಿಣಿಯರು ಮತ್ತು ಗರ್ಭಕ್ಕೆ ಪ್ರಯತ್ನಿಸುತ್ತಿರುವವರು ರೆಟಿನಾಯ್ಡ್ ಗುಂಪಿನ ಯಾವುದನ್ನೂ, ರೆಟಿನಾಲ್ ಸಹಿತ, ಹಚ್ಚಬಾರದು. ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು ‘ರಾತ್ರಿ’ ಎಂಬುದನ್ನು ‘ಮಲಗುವ ಮುನ್ನ’ ಎಂದು ಓದಿಕೊಂಡರೆ ಸರಿ. ಪಾಳಿ ಮುಗಿಸಿ ಮನೆಗೆ ಬಂದು, ಮುಖ ತೊಳೆದು, ಹಚ್ಚಿ ಮಲಗಬೇಕು, ಬಸ್ಸಿನ ದಾರಿಯ ಬಿಸಿಲಿಗೆ ಮುನ್ನ ಹಚ್ಚಬಾರದು.

ಕಲೆ ಮತ್ತು ಬಂಗಿಗೆ

ಇಲ್ಲಿ ಆಯ್ಕೆಗಳು ಹೆಚ್ಚು, ಅಪಾಯವೂ ಹೆಚ್ಚು. ಚರ್ಮದ ಸಿಪ್ಪೆ ಎಬ್ಬಿಸುವ, ಹಣ್ಣಿನ ಆಮ್ಲಗಳೆಂದು ಮಾರುವ ಮೂರರಲ್ಲಿ ಗ್ಲೈಕಾಲಿಕ್ ಆಮ್ಲದ ಅಣು ಅತಿ ಚಿಕ್ಕದು, ಅಣುತೂಕ 76. ಅದು ಬೇಗ, ಆಳಕ್ಕೆ ಇಳಿಯುತ್ತದೆ, ಉರಿಯೂ ಹಾಗೆಯೇ. ಲ್ಯಾಕ್ಟಿಕ್ ಆಮ್ಲದ್ದು 90, ಅದು ಚರ್ಮದಲ್ಲಿ ತೇವವನ್ನೂ ಹಿಡಿಯುತ್ತದೆ. ಮ್ಯಾಂಡೆಲಿಕ್ ಆಮ್ಲದ್ದು 152. ನಿಧಾನವಾಗಿ ಇಳಿಯುವುದರಿಂದ ಕಂದು ಚರ್ಮಕ್ಕೆ ಮೂರರಲ್ಲಿ ಇದೇ ಸೌಮ್ಯ. ಮನೆಯಲ್ಲಿ ಬಳಸುವ ಇಂಥ ಹಣ್ಣಿನ ಆಮ್ಲ ಶೇ. 10 ಮೀರಬಾರದು, ಅದರ ಪಿಎಚ್ 3.5ಕ್ಕಿಂತ ಕೆಳಗಿರಬಾರದು ಎಂಬುದು ಪ್ರಸಾಧನಗಳ ಸುರಕ್ಷತೆಯನ್ನು ಪರಿಶೀಲಿಸಿದ ತಜ್ಞರು ಹಾಕಿದ ಗೆರೆ. ಶೇ. 30ರ ‘ಪೀಲ್’ (ಮೇಲ್ಪದರ ಸುಲಿಸುವ ಆಮ್ಲ) ಸೀಸೆಗಳನ್ನು ಮನೆಯ ಕನ್ನಡಿಯ ಮುಂದೆ ಹಚ್ಚಿಕೊಳ್ಳುವುದನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಸುಟ್ಟ ಗಾಯವಾದ ಮೇಲೆ ಉಳಿಯುವ ಕಲೆಗೆ ಸುಲಭದ ಮದ್ದಿಲ್ಲ.

ಆಮ್ಲಗಳಿಗೆ ಇನ್ನೊಂದು ಬೆಲೆಯಿದೆ. ಹಚ್ಚುತ್ತಿರುವಷ್ಟು ಕಾಲವೂ, ನಿಲ್ಲಿಸಿದ ಮೇಲೆ ಸುಮಾರು ಒಂದು ವಾರದವರೆಗೂ, ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ, ವರ್ಷದ ಬಹುಪಾಲು ದಿನ ಬಿಸಿಲು ನೇರವಾಗಿ ಹೊಡೆಯುತ್ತದೆ. ಟೊಮೆಟೊ ಬಿಡಿಸುವವರು, ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಮಾರುಕಟ್ಟೆಯ ಬಯಲಲ್ಲಿ ನಿಲ್ಲುವವರು, ದಿನವಿಡೀ ಬೈಕಿನಲ್ಲಿ ತಿರುಗುವವರು ಬೆವರಿನಲ್ಲಿ ಎರಡೆರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚುತ್ತಾ ಕೂರಲಾಗದು. ಅಂಥವರಿಗೆ ಗ್ಲೈಕಾಲಿಕ್ ಆಮ್ಲ ಎಷ್ಟೇ ಹೆಸರುವಾಸಿಯಾಗಿದ್ದರೂ ಹೊಂದುವುದಿಲ್ಲ.

ಅವರಿಗೂ, ನನ್ನ ಮಟ್ಟಿಗೆ ಹೆಚ್ಚಿನವರಿಗೂ, ಅಜಲೈಕ್ ಆಮ್ಲವೇ ಮೊದಲ ಆಯ್ಕೆ. ಹೆಸರಿನಲ್ಲಿ ಆಮ್ಲವಿದ್ದರೂ ಇದು ಸಿಪ್ಪೆ ಎಬ್ಬಿಸುವ ಗುಂಪಿನದ್ದಲ್ಲ. ಮೊಡವೆಯ ಬ್ಯಾಕ್ಟೀರಿಯಾ, ಉರಿಯೂತ, ಅತಿಯಾದ ಮೆಲನಿನ್ ಮೂರರ ಮೇಲೂ ಕೆಲಸ ಮಾಡುತ್ತದೆ, ಬಿಸಿಲಿನ ಸೂಕ್ಷ್ಮತೆ ಹೆಚ್ಚಿಸುವುದಿಲ್ಲ, ಗರ್ಭಿಣಿಯರಿಗೂ ವೈದ್ಯರು ಬರೆಯುವ ಕೆಲವೇ ಲೇಪಗಳಲ್ಲಿ ಇದೊಂದು. ಶೇ. 10, 15, 20ರ ಬಲದಲ್ಲಿ ಸಿಗುತ್ತದೆ. ಮೊದಲ ಕೆಲವು ದಿನ ಹಚ್ಚಿದ ಹತ್ತು ನಿಮಿಷ ತುರಿಕೆ, ಇರುವೆ ಹರಿದಾಡಿದ ಅನುಭವ ಸಾಮಾನ್ಯ, ಅದು ಇಳಿಯುತ್ತದೆ. ಕೊರತೆಯೆಂದರೆ ನಿಧಾನ: ಬಂಗಿನಲ್ಲಿ ವ್ಯತ್ಯಾಸ ಕಾಣಲು ತಿಂಗಳುಗಳೇ ಬೇಕು.

ವಿಟಮಿನ್ ಸಿ ಬಗ್ಗೆ ಹೇಳುವುದು ಕಡಿಮೆ. ಅದರ ಮೂಲರೂಪ ಒಳಗಿಳಿಯಬೇಕಾದರೆ ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಅಂದರೆ ಉರಿ ಅದರ ಜೊತೆಗೇ ಬರುತ್ತದೆ. ಶೇ. 20 ದಾಟಿದರೆ ಲಾಭ ಹೆಚ್ಚುವುದಿಲ್ಲ. ಬಣ್ಣ ಕಂದಾದ ಸೀಸೆಯನ್ನು ಎಸೆಯಬೇಕು. ತಡೆಗೋಡೆ ದುರ್ಬಲವಾಗಿರುವವರು ಇದಕ್ಕಿಂತ ನಿಯಾಸಿನಮೈಡ್ ಆರಿಸುವುದು ಮೇಲು. ಅದು ಚರ್ಮ ತನ್ನ ಸೆರಮೈಡನ್ನು ತಾನೇ ಹೆಚ್ಚು ತಯಾರಿಸಿಕೊಳ್ಳುವಂತೆ ಮಾಡುತ್ತದೆ, ಕಲೆಯನ್ನೂ ಅಷ್ಟಿಷ್ಟು ತಿಳಿಗೊಳಿಸುತ್ತದೆ. ಶೇ. 4 ಅಥವಾ 5 ಸಾಕು, 10ರದ್ದು ಕೆಲವರ ಮುಖವನ್ನು ಕೆಂಪಾಗಿಸುತ್ತದೆ.

ವಯಸ್ಸಿನ ಗೆರೆಗಳಿಗೆಂದು ರೆಟಿನಾಲ್ ಕೊಳ್ಳುವವರಿಗೆ ಒಂದು ಮಾತು. ಅದು ಚರ್ಮದೊಳಗೆ ಎರಡು ಹಂತಗಳಲ್ಲಿ ಬದಲಾಗಿ ರೆಟಿನಾಯಿಕ್ ಆಮ್ಲವಾದ ಮೇಲೆಯೇ ಕೆಲಸ ಮಾಡುವುದರಿಂದ ಟ್ರೆಟಿನಾಯಿನ್‌ಗಿಂತ ಸೌಮ್ಯ, ಫಲವೂ ತಡ. ಶೇ. 0.2 ಅಥವಾ 0.3ರಿಂದ ಶುರು ಮಾಡಿ, ಅಡಾಪಲೀನ್‌ಗೆ ಹೇಳಿದ ಕ್ರಮವನ್ನೇ ಅನುಸರಿಸಬಹುದು. ಅಡಾಪಲೀನ್ ಹಚ್ಚುತ್ತಿರುವವರಿಗೆ ಇದರ ಅಗತ್ಯವಿಲ್ಲ.

ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳು

ಬಂಗಿಗೆ ವೈದ್ಯರು ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟಿರಾಯ್ಡ್ ಸೇರಿದ ಮೂರಂಶದ ಮುಲಾಮು ಬರೆಯುವುದುಂಟು. ಅದು ಪರಿಣಾಮಕಾರಿ ಔಷಧವೇ, ಆದರೆ ಎಂಟು ವಾರಗಳಷ್ಟು ಮಿತವಾದ ಅವಧಿಗೆ, ವೈದ್ಯರ ಕಣ್ಣಳತೆಯಲ್ಲಿ ಬಳಸುವಂಥದ್ದು. ನಡೆಯುತ್ತಿರುವುದು ಬೇರೆ. ಅಕ್ಕನಿಗೆ ಬರೆದ ಟ್ಯೂಬನ್ನು ತಂಗಿ, ತಂಗಿ ನೋಡಿ ಪಕ್ಕದ ಮನೆಯವರು ಮೆಡಿಕಲ್ ಸ್ಟೋರಿನಲ್ಲಿ ಹೆಸರು ಹೇಳಿ ಕೊಂಡು, ಬೆಳ್ಳಗಾಗಲು ಹಚ್ಚುವ ಕ್ರೀಮಿನಂತೆ ವರ್ಷಗಟ್ಟಲೆ ಬಳಸುತ್ತಾರೆ. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಮೊಡವೆ ಅಡಗುತ್ತದೆ, ನಂಬಿಕೆ ಬೆಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳ ಎಳೆ ಕಾಣಿಸಿ, ಬಿಡಲು ಹೋದರೆ ಮುಖವೆಲ್ಲ ಉರಿದು ಗುಳ್ಳೆ ಏಳುತ್ತದೆ. ಭಾರತದ ಚರ್ಮವೈದ್ಯರು ಇದಕ್ಕೆ ಸ್ಟಿರಾಯ್ಡಿನಿಂದ ಹಾಳಾದ ಮುಖ ಎಂದೇ ಹೆಸರಿಟ್ಟು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ, ಮತ್ತು 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು. ಹೈಡ್ರೋಕ್ವಿನೋನ್ ಒಂದನ್ನೇ ದೀರ್ಘಕಾಲ ಹಚ್ಚಿದರೂ ನೀಲಿ ಛಾಯೆಯ, ಮಾಸದ ಕಪ್ಪು ಕೂರುವ ಅಪಾಯವಿದೆ.

ಟ್ಯೂಬಿನ ಹಿಂಬದಿಯಲ್ಲಿ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಗೆ ಮಾತ್ರ ಕೊಡಬೇಕಾದ ಔಷಧ. ಏನೇನು ಸೇರಿದೆ ಎಂದೇ ಬರೆಯದ ಡಬ್ಬಿಗಳನ್ನು ಮುಟ್ಟಲೇಬಾರದು, ಅವುಗಳಲ್ಲಿ ಪಾದರಸವೂ ಇರಬಹುದು. ಈಗಾಗಲೇ ತಿಂಗಳುಗಟ್ಟಲೆ ಇಂಥದ್ದನ್ನು ಹಚ್ಚಿದವರು ತಾವಾಗಿಯೇ ಒಮ್ಮೆಲೆ ನಿಲ್ಲಿಸದೆ ಚರ್ಮವೈದ್ಯರಿಗೆ ತೋರಿಸಬೇಕು; ಟ್ಯೂಬನ್ನು ಜೊತೆಗೇ ಒಯ್ಯಿರಿ, ನಾಚಿಕೆ ಬೇಡ.

ಅಡುಗೆಮನೆಯ ಮದ್ದುಗಳೂ ಈ ಹೋಲಿಕೆಯಿಂದ ಹೊರತಲ್ಲ. ನಿಂಬೆರಸದ ಪಿಎಚ್ 2ರ ಆಸುಪಾಸು, ಅದು ಮೇಲೆ ಹೇಳಿದ ಯಾವ ಸೀರಮ್ಮಿಗಿಂತಲೂ ಕಟು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಬಂದು ಕಪ್ಪು ಪಟ್ಟೆ ಉಳಿಯಬಹುದು. ಅಡುಗೆ ಸೋಡಾ ಕ್ಷಾರ, ಮೊಡವೆಗೆ ಟೂತ್‌ಪೇಸ್ಟ್ ಬರೀ ಸುಡುವ ಪದಾರ್ಥ. ಕಡಲೆಹಿಟ್ಟನ್ನು ಉಜ್ಜದೆ ಮೆಲ್ಲಗೆ ತೊಳೆದರೆ ತೊಂದರೆಯಿಲ್ಲ.

ಜೊತೆಗೂಡಿಸುವಾಗ

ತಡೆಗೋಡೆ ಹಾಳಾಗುವುದು ಹೆಚ್ಚಾಗಿ ಒಂದೇ ಲೇಪದಿಂದಲ್ಲ, ಬೆಳಿಗ್ಗೆ ಸ್ಯಾಲಿಸಿಲಿಕ್ ಫೇಸ್‌ವಾಶ್, ಮೇಲೆ ವಿಟಮಿನ್ ಸಿ, ರಾತ್ರಿ ಗ್ಲೈಕಾಲಿಕ್ ಟೋನರ್, ಅದರ ಮೇಲೆ ರೆಟಿನಾಲ್ ಎಂದು ಪೇರಿಸಿದಾಗ. ಒಂದು ಹೊತ್ತಿಗೆ ಒಂದೇ ಪ್ರಬಲ ಅಂಶ. ಹೊಸದೊಂದನ್ನು ಸೇರಿಸುವ ಮುನ್ನ ಹಳೆಯದಕ್ಕೆ ಕನಿಷ್ಠ ನಾಲ್ಕು ವಾರ. ಯಾವುದೇ ಹೊಸ ಲೇಪವನ್ನು ಮೊದಲು ಕಿವಿಯ ಕೆಳಗೆ ದವಡೆಯ ಅಂಚಿಗೆ ಮೂರು ನಾಲ್ಕು ರಾತ್ರಿ ಹಚ್ಚಿ ನೋಡಬೇಕು. ರೆಟಿನಾಯ್ಡ್ ಮತ್ತು ಹಣ್ಣಿನ ಆಮ್ಲವನ್ನು ಒಂದೇ ರಾತ್ರಿ ಬಳಸಬೇಡಿ. ಅಡಾಪಲೀನ್ ರಾತ್ರಿ, ಅಜಲೈಕ್ ಅಥವಾ ನಿಯಾಸಿನಮೈಡ್ ಬೆಳಿಗ್ಗೆ ಎಂಬ ಜೋಡಿ ಮೊಡವೆ ಮತ್ತು ಕಲೆ ಎರಡೂ ಇರುವವರಿಗೆ ಚೆನ್ನಾಗಿ ಹೊಂದುತ್ತದೆ. ಧನುರ್ಮಾಸದ ಒಣ ಚಳಿಗಾಳಿಯಲ್ಲಿ ಚರ್ಮ ತಾನಾಗಿಯೇ ಬಿರಿಯುವುದರಿಂದ ಆಗ ರಾತ್ರಿಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು, ಹೊಸದನ್ನು ಶುರು ಮಾಡಬಾರದು.

ಮಾಯಿಶ್ಚರೈಸರಿನಲ್ಲಿ ಸೆರಮೈಡ್ ಅಥವಾ ಗ್ಲಿಸರಿನ್ ಇರುವ, ಸುವಾಸನೆಯಿಲ್ಲದ್ದು ಎಲ್ಲರಿಗೂ ಸಲ್ಲುತ್ತದೆ. ನೀರು ಆವಿಯಾಗದಂತೆ ತಡೆಯುವುದರಲ್ಲಿ ಸಾದಾ ವ್ಯಾಸಲೀನ್‌ಗೆ ಸಮನಾದದ್ದಿಲ್ಲ, ಬೆಲೆಯೂ ಕಡಿಮೆ. ಒಣಗಿದ ಜಾಗಕ್ಕೆ ತೆಳುವಾಗಿ ಹಚ್ಚಬಹುದು. ಕೊಬ್ಬರಿ ಎಣ್ಣೆ ಒಣಗಿದ ಕೈಕಾಲಿಗೆ ಒಳ್ಳೆಯದು, ಮೊಡವೆಯ ಮುಖಕ್ಕೆ ಬೇಡ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟು, ಎರಡು ಬೆರಳುದ್ದದಷ್ಟು, ಮುಖಕ್ಕೂ ಕತ್ತಿಗೂ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ, ಬಂಗಿರುವವರು ಕಬ್ಬಿಣದ ಆಕ್ಸೈಡ್ ಸೇರಿದ, ಚರ್ಮದ ಬಣ್ಣವಿರುವ ಸನ್‌ಸ್ಕ್ರೀನ್ ಆರಿಸಬೇಕು. ಹೊಲದಲ್ಲಿ ದುಡಿಯುವವರಿಗೆ ತಲೆಯ ಟವೆಲು, ಅಗಲ ಅಂಚಿನ ಟೋಪಿ, ಸೆರಗು ಇವು ಯಾವ ಟ್ಯೂಬಿಗಿಂತಲೂ ಭರವಸೆಯ ರಕ್ಷಣೆ.

ಉರಿ ಶುರುವಾಗಿದ್ದರೆ (ಮೇಲೆ ಹೇಳಿದ ಸ್ಟಿರಾಯ್ಡ್ ಮುಲಾಮೊಂದನ್ನು ಬಿಟ್ಟು) ಎಲ್ಲ ಪ್ರಬಲ ಲೇಪಗಳನ್ನು ಅಂದೇ ನಿಲ್ಲಿಸಿ, ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮೂರರಲ್ಲೇ ಇರಬೇಕು. ಸಣ್ಣ ಪೆಟ್ಟು ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ದೊಡ್ಡದಕ್ಕೆ ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಸಾದಾ ಮಾಯಿಶ್ಚರೈಸರ್ ಚುರುಗುಟ್ಟುವುದು ಪೂರ್ತಿ ನಿಂತು ಇನ್ನೊಂದು ವಾರ ಕಳೆದ ಮೇಲೆ, ಒಂದೇ ಲೇಪವನ್ನು, ಮೊದಲಿಗಿಂತ ಕಡಿಮೆ ಬಲದಲ್ಲಿ, ವಾರಕ್ಕೆ ಎರಡು ರಾತ್ರಿ ಎಂದು ಮತ್ತೆ ಶುರು ಮಾಡಬಹುದು. ಮುಖ ಊದಿಕೊಂಡರೆ, ನೀರು ಒಸರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಅಥವಾ ನಾಲ್ಕು ವಾರವಾದರೂ ಉರಿ ಇಳಿಯದಿದ್ದರೆ ಮನೆಯಲ್ಲಿ ಕಾಯದೆ, ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಹತ್ತಿರದ ಚರ್ಮವೈದ್ಯರ ಬಳಿಗೋ, ಹಚ್ಚಿದ ಎಲ್ಲ ಟ್ಯೂಬು ಸೀಸೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು.